ಅಂದಾನಪ್ಪನ ಹೊಂಡ

ಹನ್ನೆರಡನೇ ಕಂಬದ ಕೇರಿ, ಕಪ್ಪತಗುಡ್ಡದ ಬುಡ
೨೧೯೪ನೇ ಇಸವಿ, ಫೆಬ್ರವರಿ ಮೂವತ್ತು

ನನಗಿಂತ ಮೊದಲು ಬದುಕಿದವರಿಗೆ,

ಈಗ ಸಂಜೆ ಐದು ಗಂಟೆ. ಬೆಳಿಗ್ಗೆ ಎಂಟಕ್ಕೆ ಸರಾಗ ಮಂಡಳಿಯ ಹೆಣ್ಣುಮಗಳು ಬಂದಳು. ಒಂಬತ್ತೂ ಹತ್ತಕ್ಕೆ ನಾನು ಗೀಟಿನೊಳಗೆ ಕಾಲಿಟ್ಟೆ. ಒಂಬತ್ತೂಕಾಲಕ್ಕೆ ಹೊರಗೆ ಬಂದೆ. ಹತ್ತಕ್ಕೆ ಸಹಿ ಮಾಡಿದೆ. ಆಮೇಲೆ ಒಂದು ರೊಟ್ಟಿ ತಿಂದೆ, ಶೇಂಗಾಚಟ್ನಿಯಲ್ಲಿ ಉಪ್ಪು ಹೆಚ್ಚಾಗಿತ್ತು. ಈ ದಿನ ನಡೆದದ್ದು ಇಷ್ಟು.

ಮೇಲಿನ ತಾರೀಖು ನಿಮಗೆ ತಪ್ಪೆನ್ನಿಸಬಹುದು. ನಿಮ್ಮ ಫೆಬ್ರವರಿ ಇಪ್ಪತ್ತೆಂಟಕ್ಕೇ ಮುಗಿಯುತ್ತಿತ್ತು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಸೇರಿಸುತ್ತೇವೆ. ನನ್ನ ಓದು ಏಳನೇ ಇಯತ್ತೆಗೆ ನಿಂತಿತು. ಇಪ್ಪತ್ತೆರಡು ವರ್ಷದಿಂದ ದಿನಕ್ಕೆರಡು ಸಾಲು ದಿನಚರಿ ಬರೆಯುತ್ತಿದ್ದೇನೆ, ಇಷ್ಟುದ್ದ ಯಾವತ್ತೂ ಬರೆದಿಲ್ಲ. ನಿಮಗೆ ಗೊತ್ತಿಲ್ಲದ ಮಾತುಗಳು ನಡುನಡುವೆ ಬರುತ್ತವೆ. ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ, ಸೈರಿಸಿಕೊಳ್ಳಿ.

ಮೊದಲನೆಯ ಮಾತು ಹಿಂದೋಲೆ. ಈ ಪತ್ರಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಮನೆಯಲ್ಲಿ ಒಬ್ಬರು ತೀರಿಕೊಂಡು ವರ್ಷ ತುಂಬಿದ ದಿನ, ಉಳಿದವರು ಹಿಂದಿನ ಕಾಲದವರಿಗೆ ಒಂದು ಓಲೆ ಬರೆಯಬೇಕು. ಸತ್ತವರು ಮುಂದಕ್ಕೆ ಹೋಗುವುದಿಲ್ಲ, ಹಿಂದಿನವರ ಜೊತೆ ಸೇರಿಕೊಳ್ಳುತ್ತಾರೆ ಎಂದು ನಮ್ಮ ನಂಬಿಕೆ. ಆದ್ದರಿಂದ ಓಲೆ ಸತ್ತವರಿಗಲ್ಲ, ಅವರು ಹೋಗಿ ಸೇರಿದವರಿಗೆ. ಮನೆಮಂದಿಯಲ್ಲೊಬ್ಬರು ಹೊಸ ಊರಿಗೆ ಹೋದಾಗ ಆ ಊರಿನವರಿಗೆ ನಾಲ್ಕು ಮಾತು ಬರೆಯುವುದಿಲ್ಲವೇ, ಹಾಗೆ. ನನ್ನ ಗಂಡ ಅಂದಾನಪ್ಪನವರು ನಿಮ್ಮ ಕಡೆ ಬಂದು ಇವತ್ತಿಗೆ ಒಂದು ವರ್ಷ. ಅವರು ಹಾಸುಗಾರರು. ಕೈಯಲ್ಲಿ ಹಿಡಿದು ಆಡುವ ಆಟದಲ್ಲಿ ನೀವು ಲೆವೆಲ್ ಎನ್ನುತ್ತಿದ್ದುದಕ್ಕೆ ನಾವು ಹಾಸು ಎನ್ನುತ್ತೇವೆ. ನಿಮ್ಮಲ್ಲಿಯೂ ಫೋನಿನ ಆಟಗಳಿಗೆ ಹಾಸು ಕಟ್ಟುವವರು ಇದ್ದರು ಎಂದು ಕೇಳಿದ್ದೇನೆ. ಈ ಓಲೆ ಎಲ್ಲರಿಗಿಂತ ಹೆಚ್ಚಾಗಿ ಅವರಿಗೆ.

ನಾವಿರುವ ಜಾಗದ ಬಗ್ಗೆ ಹೇಳಬೇಕು. ನಿಮ್ಮ ಕಾಲದಲ್ಲಿ ಈ ಗುಡ್ಡದ ಮೇಲೆ ಗಾಳಿಕಂಬಗಳನ್ನು ನಿಲ್ಲಿಸಿದಿರಿ. ಅವು ತಿರುಗುವುದನ್ನು ಬಿಟ್ಟು ನನ್ನ ಅಜ್ಜಿಯ ಕಾಲಕ್ಕೇ ಬಹಳ ವರ್ಷಗಳಾಗಿದ್ದವು. ಕೆಳಗಿಳಿಸಿದ ರೆಕ್ಕೆಗಳು ಕೊಳೆಯುವುದಿಲ್ಲ, ಕೊಯ್ದರೆ ಏಳುವ ದೂಳು ಮೈಗೆ ಹತ್ತಿದರೆ ಮೂರು ದಿನ ತುರಿಕೆ. ಆದರೂ ಕೊಯ್ಯಲೇಬೇಕಾಯಿತು. ಅಳತೆಗೆ ಕೊಯ್ದು, ಸಾಲಾಗಿ ಮಲಗಿಸಿ, ಕೇರಿಗೊಂದು ಉದ್ದನೆಯ ಮಾಡು ಮಾಡಿದ್ದೇವೆ. ಅದರ ಕೆಳಗಿನ ಜಾಗ ನೆರಳುಮನೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಯಲಲ್ಲಿ ಯಾರೂ ಇರುವಂತಿಲ್ಲ. ಇದ್ದರೆ ಉಳಿಯುವುದಿಲ್ಲ. ಆದ್ದರಿಂದ ಹೊಲ, ಅಡುಗೆ, ನೀರು ಎಲ್ಲ ಹನ್ನೊಂದರೊಳಗೆ ಮುಗಿಯಬೇಕು. ನೀರು ಗುಡ್ಡದ ನೆತ್ತಿಯಿಂದ ಬರುತ್ತದೆ. ಅಲ್ಲಿ ಮಂಜುಬಲೆ ಕಟ್ಟಿದ್ದೇವೆ. ನಸುಕಿನ ಮಂಜು ಬಲೆಗೆ ತಾಗಿ ಹನಿಯಾಗಿ ಕೊಳವೆಗೆ ಇಳಿಯುತ್ತದೆ. ಬಿಸಿಲು ಏರುವುದರೊಳಗೆ ಬಲೆ ಕೊಡವಿ, ತೂತು ಹೊಲಿದು, ಸುತ್ತಿಟ್ಟು ಬರಬೇಕು. ಆಮೇಲೆ ನೂರಾ ನಲವತ್ತು ಮಂದಿ ಐದು ತಾಸು ಒಂದೇ ಮಾಡಿನ ಕೆಳಗೆ ಕೂರಬೇಕು. ಶೇಂಗಾ ಸುಲಿಯುವವರು, ಹೇನು ನೋಡುವವರು, ಗೊರಕೆ ಹೊಡೆಯುವವರು, ಹಿಂದಿನ ವರ್ಷದ ಜಗಳವನ್ನು ಮತ್ತೆ ತೆಗೆಯುವವರು. ಮೊದಲೆಲ್ಲ ಅಲ್ಲಿ ಹೊಡೆದಾಟವೇ ಆಗುತ್ತಿತ್ತಂತೆ. ಆಮೇಲೆ ಮಿಡತೆ ಬಂತು.

ಮಿಡತೆ ಎಂದರೆ ನಮ್ಮ ಆಟ. ಅಂಗೈಪಾಟಿಯಲ್ಲಿ ಆಡುತ್ತೇವೆ. ಅಂಗೈಪಾಟಿಯನ್ನು ನಿಮ್ಮ ಫೋನಿನ ಮರಿಮಗಳು ಎನ್ನಬಹುದು. ಅದರಿಂದ ಮಾತಾಡಲು ಬರುವುದಿಲ್ಲ, ನೀರಿನ ಪಾಳಿ ನೋಡಲು ಮತ್ತು ಆಡಲು ಮಾತ್ರ ಬರುತ್ತದೆ. ಒಂದು ಹಸಿರು ಮಿಡತೆ ಹಲಗೆಯಿಂದ ಹಲಗೆಗೆ ಹಾರುತ್ತಾ ಹೋಗಬೇಕು. ಎಡಹೆಬ್ಬೆರಳು ನಡೆಸುತ್ತದೆ, ಬಲಹೆಬ್ಬೆರಳು ಹಾರಿಸುತ್ತದೆ. ಹೊಂಡಕ್ಕೆ ಬಿದ್ದರೆ ಆ ಹಾಸು ಮತ್ತೆ ಮೊದಲಿಂದ. ಗುಡ್ಡದ ಸುತ್ತಿನ ಮೂವತ್ತೆರಡು ಕೇರಿಗಳಲ್ಲೂ ಇದೇ ಆಟ. ಒಟ್ಟು ಇನ್ನೂರ ಮೂವತ್ತು ಹಾಸುಗಳಿವೆ. ಹಾಸುಗಾರಿಕೆ ನಮ್ಮಲ್ಲಿ ಬಡಗಿತನದ ಹಾಗೆ ಒಂದು ಕಸುಬು. ಕೇರಿಗೆ ಒಬ್ಬರಿಗೆ ಆ ಜಾಗ ಸಿಗುತ್ತದೆ, ಅವರಿಗೆ ಬೇರೆ ಪಾಳಿ ಇರುವುದಿಲ್ಲ. ಅಂದಾನಪ್ಪನವರ ನಂತರ ಆ ಜಾಗ ನನಗೆ ಬಂತು.

ಕಸುಬಿನ ನೇಮಗಳನ್ನು ಅವರು ನನಗೆ ಹೇಳಿಕೊಟ್ಟದ್ದು ರೊಟ್ಟಿ ಬಡಿಯುವಾಗ, ಕಲ್ಲಿನ ಮೇಲೆ ಹಿಟ್ಟು ಹರಡಿ ಬೆರಳಲ್ಲಿ ಗೀಚಿ. ಮೊದಲ ಹೊಂಡಕ್ಕೆ ತಳ ಇರಬೇಕು. ಆಡುವವರು ಬಿದ್ದು, ಎದ್ದು, ಓ ಇದು ಹೊಂಡ ಎಂದು ತಾವೇ ತಿಳಿಯಬೇಕು. ಎರಡನೆಯ ಹೊಂಡಕ್ಕೆ ತಳ ಬೇಡ. ಹಾರುವ ಮೊದಲು ಇಳಿಯುವ ಹಲಗೆಯ ಅಂಚಾದರೂ ಕಾಣಬೇಕು, ಇಲ್ಲದಿದ್ದರೆ ಹಲಗೆ ಬರುತ್ತದೆ ಎಂಬುದಕ್ಕೆ ಒಂದು ಗುರುತಾದರೂ ಇರಬೇಕು. ಜೋಳದ ಕಾಳುಗಳನ್ನು ಗಾಳಿಯಲ್ಲಿ ಬಿಲ್ಲಿನ ಹಾಗೆ ಬಾಗಿಸಿ ಜೋಡಿಸಿದರೆ ಎಷ್ಟೆತ್ತರ ಹಾರಬೇಕೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮಿಡತೆ ಕಾಳಿನ ಆಸೆಗೆ ಅದೇ ದಾರಿಯಲ್ಲಿ ಹೋಗುತ್ತದೆ. ಬಲಹೆಬ್ಬೆರಳು ಪಾಟಿಯ ಬಲಮೂಲೆಯನ್ನು ಯಾವಾಗಲೂ ಮುಚ್ಚಿರುತ್ತದೆ. ಆ ಬೆರಳಿನ ಅಡಿಗೆ ಮುಳ್ಳು ಇಡುವವನು ಹಾಸುಗಾರನಲ್ಲ, ಕಳ್ಳ. ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಕಷ್ಟ ಕೊಡು, ಮೋಸ ಮಾಡಬೇಡ ಎನ್ನುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ನೇಮ ನೆಲಗೀಟು. ಯಾವ ಹಾಸನ್ನೂ ನೇರವಾಗಿ ಪಾಟಿಗೆ ಹಾಕುವಂತಿಲ್ಲ. ಮೊದಲು ನೆರಳುಮನೆಯ ಅಂಗಳದಲ್ಲಿ ಸುಣ್ಣದಿಂದ ಗೀಚಬೇಕು. ನಿಮ್ಮ ಮಕ್ಕಳು ಕುಂಟಾಬಿಲ್ಲೆಗೆ ಗೀಚುತ್ತಿದ್ದ ಹಾಗೆ, ಆದರೆ ಉದ್ದಕ್ಕೆ. ಒಂದೊಂದು ಚೌಕಕ್ಕೂ ಮನೆ ಎನ್ನುತ್ತೇವೆ. ಹಾಸುಗಾರರು ಚಪ್ಪಲಿ ಬಿಟ್ಟು ಮನೆಯಿಂದ ಮನೆಗೆ ತಾವೇ ಹಾರಿ ತೋರಿಸಬೇಕು. ಪಕ್ಕದಲ್ಲಿ ಒಬ್ಬರು ಒಂದೇ ಸಮನೆ ಚಪ್ಪಾಳೆ ಹೊಡೆಯಬೇಕು. ಯಾವ ಮನೆಯಲ್ಲಿ ಎಷ್ಟು ಚಪ್ಪಾಳೆ ಎಂದು ಇನ್ನೊಬ್ಬರು ಬರೆದುಕೊಳ್ಳಬೇಕು. ಆ ಪಟ್ಟಿಯೇ ಪಾಟಿಗೆ ಹೋಗುತ್ತದೆ. ಯಾವ ಹಲಗೆ ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಅದರಿಂದಲೇ ತೀರ್ಮಾನ. ಕಾಲಿಗೆ ಗೊತ್ತಿಲ್ಲದ್ದನ್ನು ಬೆರಳಿಗೆ ಹೇಳಬೇಡ ಎಂದು ನಮ್ಮಲ್ಲಿ ಗಾದೆಯೇ ಇದೆ. ಹಾರುವವರು ಮುಗಿಸುವ ತನಕ ಚಪ್ಪಾಳೆಯವರು ನಿಲ್ಲಿಸುವಂತಿಲ್ಲ. ಕಟ್ಟಿದ ಹಾಸನ್ನು ಆಮೇಲೆ ತಿದ್ದಬೇಕಾದರೂ ಇದೇ ನೇಮ. ಕಟ್ಟಿದವರು, ಅವರಿಲ್ಲದಿದ್ದರೆ ಅವರ ವಾರಸುದಾರರು, ತಿದ್ದಿದ ಗೀಟಿನ ಮೇಲೆ ಒಂದು ಸಲ ಹಾರಿ ಮುಗಿಸಿದರೆ ಮಾತ್ರ ತಿದ್ದುಪಡಿ ನಿಲ್ಲುತ್ತದೆ.

ಐದು ವರ್ಷದ ಹಿಂದೆ ಅಂದಾನಪ್ಪನವರು ನಲವತ್ತೊಂದನೆಯ ಹಾಸನ್ನು ಗೀಚಿದರು. ಅಷ್ಟರಲ್ಲಿ ಅವರ ಎದೆ ಕೆಟ್ಟಿತ್ತು. ಹಾಸುಗಾರರಾಗುವ ಮೊದಲು ಹದಿನಾರು ವರ್ಷ ರೆಕ್ಕೆ ಕೊಯ್ಯುವ ಕೆಲಸ ಮಾಡಿ ದೂಳು ಕುಡಿದಿದ್ದರು. ಚಪ್ಪಾಳೆಗೆ ನಾನು ನಿಂತಿದ್ದೆ. ಬರೆದುಕೊಳ್ಳಲು ಕೂತವಳು ಬಾಳವ್ವ ಆಯಿ, ನಮ್ಮ ಕೇರಿಯ ಎಲ್ಲರಿಗಿಂತ ಹಿರಿಯಳು. ಹನ್ನೊಂದು ಮನೆ ಚೆನ್ನಾಗಿಯೇ ಹಾರಿದರು. ಕೊನೆಯ ಹೊಂಡದ ಈಚೆಗಿನ ಹನ್ನೆರಡನೆಯ ಮನೆಗೆ ಬಂದವರು ನಿಂತುಬಿಟ್ಟರು. ಮೊಣಕಾಲಿಗೆ ಕೈಯೂರಿ ಬಗ್ಗಿದರು. ಬೆನ್ನು ಏರಿಳಿಯುವುದು ಅಂಗಿಯ ಮೇಲಿಂದಲೂ ಕಾಣುತ್ತಿತ್ತು. ನೇಮದ ಪ್ರಕಾರ ನಾನು ಚಪ್ಪಾಳೆ ನಿಲ್ಲಿಸಲಿಲ್ಲ. ಒಂದು, ಎರಡು, ಮೂರು, ನಾಲ್ಕು. ಆಮೇಲೆ ತಲೆಯೆತ್ತಿ ಹಾರಿದರು. ಬಾಳವ್ವ ಆಯಿ ನಾಲ್ಕು ಎಂದು ಬರೆದಳು. ಅದು ಆಟದ ನಿಲುಗಡೆಯಲ್ಲ, ಮನುಷ್ಯನ ಏದುಸಿರು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪಟ್ಟಿ ಹಾಗೆಯೇ ಪಾಟಿಗೆ ಹೋಯಿತು. ಹೀಗಾಗಿ ಆ ಹಾಸಿನಲ್ಲಿ ಕೊನೆಯ ಹಲಗೆ ಸುಮ್ಮನೆ ಬರುವುದಿಲ್ಲ. ಅಂಚಿಗೆ ಬಂದು ನಾಲ್ಕು ಚಪ್ಪಾಳೆಯ ಹೊತ್ತು ನಿಂತವರಿಗೆ ಮಾತ್ರ ಬರುತ್ತದೆ. ಓಡಿಬಂದ ರಭಸಕ್ಕೇ ಹಾರಿದವರು ಬೀಳುತ್ತಾರೆ.

ಮರುದಿನ ನೆರಳುಮನೆಯಲ್ಲಿ ಗದ್ದಲವೋ ಗದ್ದಲ. ಬಾಳವ್ವ ಆಯಿ ಎಲ್ಲರಿಗಿಂತ ಮೊದಲು ಬಿದ್ದಳು.

“ಅಂದಾನೀ, ಹಲಗಿ ಎಲ್ಲೈತೋ? ಮನಿಗೆ ಒಯ್ದು ಒಲಿಗೆ ಹಾಕಿದಿಯೇನು?”

“ಬರತೈತಿ ಆಯಿ. ಸ್ವಲ್ಪ ನಿಂದರು.”

“ಎಪ್ಪತ್ತೈದು ವರ್ಷ ನಿಂತೀನಿ. ಇನ್ನೆಷ್ಟು ನಿಂದರಸತಿ?”

ಎಲ್ಲರೂ ನಕ್ಕರು. ಅವರೂ ನಕ್ಕು, ನಕ್ಕದ್ದಕ್ಕೆ ಕೆಮ್ಮಿದರು. ಆ ಸಂಜೆ ಮನೆಗೆ ಬಂದ ಮೇಲೆ ಪಟ್ಟಿ ತೆಗೆದು ನೋಡಿ ನನ್ನನ್ನು ಕರೆದರು. “ಫಕೀರಿ, ಇಲ್ಲಿ ನೋಡು. ನೀ ನನ್ನ ದಮ್ಮನ್ನೂ ಸೇರಿಸಿ ಚಪ್ಪಾಳಿ ಹೊಡದೀ.” ನನಗೆ ನಾಚಿಕೆಯಾಯಿತು. ತಪ್ಪಾಯಿತು, ನಾಳೆ ತಿದ್ದಿಸೋಣ ಎಂದೆ. ಅವರು ಬಹಳ ಹೊತ್ತು ಆ ನಾಲ್ಕನ್ನೇ ನೋಡಿದರು. “ಬ್ಯಾಡ, ಇರಲಿ ಬಿಡು. ಎಲ್ಲಾರೂ ಅಲ್ಲಿ ಒಮ್ಮೆ ನಿಂತು ಉಸುರು ತಗೊಂಡು ಹಾರಲಿ. ಅದರಾಗೇನು ಲುಕ್ಸಾನು?” ಎಂದರು. ಅವತ್ತಿನಿಂದ ಮೂವತ್ತೆರಡು ಕೇರಿಗಳಲ್ಲೂ ಅದಕ್ಕೆ ಅಂದಾನಪ್ಪನ ಹೊಂಡ ಎಂದೇ ಹೆಸರು. ಬೈದವರೂ ಅದೇ ಹೆಸರಿಂದ ಬೈದರು.

ಹೋದ ವರ್ಷ ಇದೇ ದಿನ ಅವರು ತೀರಿಕೊಂಡರು. ಕೊನೆಯ ತಾಸಿನಲ್ಲಿ ಅವರ ಉಸಿರನ್ನು ನಾನು ಎಣಿಸಲಿಲ್ಲ. ಎಣಿಸಿಬಿಡುತ್ತೇನೇನೋ ಎಂದು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದೆ. ಆ ದಿನದ ದಿನಚರಿಯಲ್ಲಿ ಎರಡು ಸಾಲು ಆಗಲಿಲ್ಲ, ಹೋದರು ಎಂದಷ್ಟೇ ಬರೆದಿದ್ದೇನೆ. ಅವರ ಅಂಗಿಗಳನ್ನು ಮೈದುನನಿಗೆ ಕೊಟ್ಟೆ. ಸುಣ್ಣದ ಡಬ್ಬಿ ಇಟ್ಟುಕೊಂಡೆ. ದನಿ ನೆನಪಿನಲ್ಲಿದೆ ಅಂದುಕೊಂಡಿದ್ದೆ, ಆರು ತಿಂಗಳಿಗೆ ಅದೂ ಮಸುಕಾಯಿತು. ಉಳಿದದ್ದು ಆ ನಾಲ್ಕು ಚಪ್ಪಾಳೆ. ದಿನಕ್ಕೆ ಒಂದು ಸಲ ಪಾಟಿ ತೆಗೆದು ನಲವತ್ತೊಂದನ್ನು ಆಡುತ್ತಿದ್ದೆ. ಕೊನೆಯ ಅಂಚಿಗೆ ಬಂದು ಮಿಡತೆಯನ್ನು ನಿಲ್ಲಿಸುತ್ತಿದ್ದೆ. ಆ ಹೊತ್ತಿನಷ್ಟು ಅವರು ನನ್ನ ಪಕ್ಕದಲ್ಲಿ ಬಗ್ಗಿ ನಿಂತು ಉಸಿರಾಡುತ್ತಿದ್ದರು. ಆಮೇಲೆ ಹಲಗೆ ಬರುತ್ತಿತ್ತು, ನಾನು ಹಾರುತ್ತಿದ್ದೆ, ಪಾಟಿ ಮುಚ್ಚಿಡುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈಗ ಸರಾಗ ಮಂಡಳಿಯ ವಿಷಯ. ಅವರು ಕೆಟ್ಟವರಲ್ಲ. ಕೆಳಗಿನ ಪಟ್ಟಣದಲ್ಲಿ ಅವರ ಕಚೇರಿ ಇದೆ. ಮೂರು ವರ್ಷದ ಹಿಂದೆ ಒಂದು ಕೇರಿಯ ನೆರಳುಮನೆಯಲ್ಲಿ ಪದೇಪದೇ ಬಿದ್ದ ಒಬ್ಬ ಸಿಟ್ಟಿಗೆದ್ದು ಪಕ್ಕದವನ ತಲೆಗೆ ಪಾಟಿಯಿಂದ ಹೊಡೆದ. ಐದು ತಾಸು ಮುಚ್ಚಿದ ಜಾಗದಲ್ಲಿ ಜನರಿಗೆ ಸಿಟ್ಟು ಬರಬಾರದು ಎಂದು ಅವರು ಯೋಚಿಸಿದರು. ಹತ್ತರಲ್ಲಿ ಇಬ್ಬರಿಗಿಂತ ಹೆಚ್ಚು ಜನ ಬೀಳುವ ಜಾಗ ಯಾವ ಹಾಸಿನಲ್ಲೂ ಇರಕೂಡದು ಎಂದು ನಿಯಮ ಮಾಡಿದರು. ಅಂಥ ಜಾಗಗಳನ್ನು ಹುಡುಕಿ ಹೊಂಡ ಕಿರಿದು ಮಾಡಲು ಒಪ್ಪಯಂತ್ರ ಎಂಬುದನ್ನು ತಂದರು. ಒಂದೊಂದೇ ಕೇರಿಯವರು ಬಂದು, ತಿದ್ದಿದ ಗೀಟಿನ ಮೇಲೆ ಹಾರಿ, ಒಪ್ಪಿಗೆ ಕೊಟ್ಟರು. ಇನ್ನೂರ ಮೂವತ್ತರಲ್ಲಿ ಇನ್ನೂರಕ್ಕೂ ಹೆಚ್ಚು ಹಾಸುಗಳು ಹೀಗೆ ನುಣುಪಾಗಿವೆ. ಈಗ ಮೂವತ್ತೊಂಬತ್ತು ಯಾವುದು, ನಲವತ್ತು ಯಾವುದು ಎಂದು ನನಗೆ ಗುರುತು ಹತ್ತುವುದಿಲ್ಲ. ಎಲ್ಲವನ್ನೂ ನಿದ್ದೆಗಣ್ಣಲ್ಲಿ ದಾಟಬಹುದು. ಜನ ಆಡುತ್ತಾರೆ, ಬೈಯುವುದಿಲ್ಲ, ನಗುವುದೂ ಇಲ್ಲ. ಪಕ್ಕದವರ ಭುಜ ಅಲುಗಿಸಿ ಹೆಂಗ ದಾಟಿದಿ ಹೇಳು ಎಂದು ಕೇಳುವವರು ಯಾರೂ ಉಳಿದಿಲ್ಲ.

ನಲವತ್ತೊಂದರ ಕೊನೆಯಲ್ಲಿ ಹತ್ತು ಮಂದಿಯಲ್ಲಿ ಆರು ಮಂದಿ ಬೀಳುತ್ತಾರೆ. ಹೋದ ತಿಂಗಳು ನನಗೆ ಕಾಗದ ಬಂತು. ಹೊಂಡಕ್ಕೆ ಮೂರು ಮನೆ ತುಂಬಿಸಬೇಕು, ಕಾಯುವ ಹೊತ್ತನ್ನು ತೆಗೆಯಬೇಕು, ಹಾಸಿನ ಮೇಲೆ ಅಂದಾನಪ್ಪನ ಹೆಸರು ಹಾಗೆಯೇ ಇರುತ್ತದೆ. ವಾರಸುದಾರಳು ಒಪ್ಪದಿದ್ದರೆ ಹಾಸನ್ನು ಎಲ್ಲ ಪಾಟಿಗಳಿಂದ ತೆಗೆಯಲಾಗುವುದು, ಹಾಸುಗಾರಿಕೆಯ ಜಾಗವೂ ಹೋಗುವುದು. ತಾರೀಖು ಫೆಬ್ರವರಿ ಮೂವತ್ತು. ಅದು ಅವರ ವರ್ಷದ ದಿನ ಎಂದು ಮಂಡಳಿಗೆ ಗೊತ್ತಿರಲಿಕ್ಕಿಲ್ಲ.

ಮಂಡಳಿಯಿಂದ ಬಂದವಳ ಹೆಸರು ಸಬಿಹಾ. ಸವಣೂರಿನವಳು, ಇಪ್ಪತ್ತೈದರ ಆಸುಪಾಸು. ಬಂದವಳೇ ಬಿಳಿ ಛತ್ರಿ ಮಡಚಿಟ್ಟು, ದಾರ ಹಿಡಿದು, ತಿದ್ದಿದ ಹಾಸನ್ನು ಅಂಗಳದಲ್ಲಿ ತಾನೇ ಗೀಚಿದಳು. ಗೀಟು ಚೆನ್ನಾಗಿ ಹಾಕಿದಳು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೇರಿಯವರೆಲ್ಲ ಸುತ್ತ ನಿಂತಿದ್ದರು.

“ಅಕ್ಕಾರ, ಒಮ್ಮೆ ಹಾರಿಬಿಡ್ರಿ. ಒಂದು ನಿಮಿಷದ ಕೆಲಸ. ಯಜಮಾನ್ರ ಹೆಸರು ಉಳೀತೈತಿ” ಎಂದಳು.

“ಹೆಸರು ಗ್ವಾಡಿ ಮ್ಯಾಲೂ ಬರೀಬಹುದವಾ” ಎಂದೆ.

“ಹಂಗಲ್ರಿ. ಹತ್ತು ಮಂದ್ಯಾಗ ಆರು ಮಂದಿ ಬೀಳತಾರ ಅಲ್ಲೆ.”

“ಬಿದ್ದ ಆರು ಮಂದಿ ಎದ್ದ ಮ್ಯಾಲೆ ಏನು ಮಾಡತಾರಂತ ನಿಮ್ಮ ಯಂತ್ರ ಬರದೈತೇನು?”

ಅವಳು ತನ್ನ ಪಾಟಿಯನ್ನು ಕೆಳಗೆ ಮೇಲೆ ತಳ್ಳಿ ನೋಡಿದಳು. “ಇಲ್ರಿ. ಬಿದ್ದದ್ದಷ್ಟ ಬರೀತೈತಿ.”

ಬಾಳವ್ವ ಆಯಿ ಕೂತಲ್ಲಿಂದಲೇ ಕೋಲು ಎತ್ತಿದಳು. “ನನ್ನ ಕೇಳು ತಂಗಿ. ಆ ಆರರಾಗ ನಾಕು ನಾನ ಇರಬೇಕು. ಐದು ವರ್ಷ ಆತು ಬೀಳಾಕ ಹತ್ತಿ. ಆ ಹೊಂಡ ಮುಚ್ಚಿದರ ನಾ ಎಲ್ಲಿ ಹೋಗಿ ಬೀಳಲಿ? ನಿಮ್ಮ ಕಚೇರ್ಯಾಗೇನು?”

ಸಬಿಹಾಳಿಗೂ ನಗು ಬಂತು, ತಡೆದುಕೊಂಡಳು. ಆದರೆ ನನ್ನ ಮೈದುನ ಮೌನೇಶ ನಗಲಿಲ್ಲ. ಅಣ್ಣನ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ. ಹತ್ತಿರ ಬಂದು ಸಣ್ಣ ದನಿಯಲ್ಲಿ, “ಹಾರಿಬಿಡು ವೈನಿ. ಹಾಸೇ ಹೋದ ಮ್ಯಾಲೆ ಅಣ್ಣಂದು ಅಂತ ಏನುಳೀತೈತಿ? ಅರ್ಧಾನರ ಇರಲಿ” ಎಂದ. ಅವನ ಮಾತು ನನಗೆ ನಾಟಿತು. ಒಂದು ತಿಂಗಳಿಂದ ನಾನು ನನಗೇ ಹೇಳಿಕೊಂಡಿದ್ದೂ ಅದೇ. ಹನ್ನೊಂದು ಮನೆಯಾದರೂ ಅವರದೇ ಇರುತ್ತದಲ್ಲ, ಕಾಳು ಜೋಡಿಸಿದ ಬಗೆ ಅವರದೇ ಇರುತ್ತದಲ್ಲ.

ಹಾರಬೇಕೆಂದೇ ಹೋದೆ. ನಿಮ್ಮೆದುರು ಸುಳ್ಳು ಹೇಳಿ ಏನು ಮಾಡಲಿ. ಚಪ್ಪಲಿ ಬಿಟ್ಟೆ, ಸೀರೆ ಎತ್ತಿ ಸಿಕ್ಕಿಸಿದೆ. ಸಬಿಹಾ ಚಪ್ಪಾಳೆ ಶುರುಮಾಡಿದಳು. ನನಗೆ ಐವತ್ತೊಂಬತ್ತು ವರ್ಷ, ಆದರೂ ಕಾಲು ಮರೆತಿರಲಿಲ್ಲ. ಮೊದಲ ಹೊಂಡ, ತಳವಿದ್ದದ್ದು. ಎರಡನೆಯದು. ಕಾಳಿನ ಕಮಾನು. ಹನ್ನೆರಡನೆಯ ಮನೆಗೆ ಬಂದೆ. ಮುಂದೆ ಹೊಂಡ ಇರಬೇಕಾದಲ್ಲಿ ಮೂರು ಹೊಸ ಚೌಕಗಳಿದ್ದವು, ಬೆಳ್ಳಗೆ, ನೇರವಾಗಿ. ಹೆಜ್ಜೆ ಹಾಕಿದರೆ ಸಾಕಿತ್ತು, ಹಾರುವ ಅಗತ್ಯವೂ ಇರಲಿಲ್ಲ. ನಾನು ನಿಂತೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಮುಗಿದ ಮೇಲೂ ಕಾಲು ಏಳಲಿಲ್ಲ. ಐದು, ಆರು. ಅಲ್ಲಿಂದ ಮುಂದಕ್ಕೆ ಹೋದರೆ ನಾಳೆಯಿಂದ ಮೂವತ್ತೆರಡು ಕೇರಿಯ ಜನ ಆ ಜಾಗವನ್ನು ಅವರ ಹೆಸರು ಹೇಳುತ್ತಲೇ ಓಡುತ್ತಾ ದಾಟುತ್ತಾರೆ, ಅವರು ಅಲ್ಲಿ ನಿಂತಿದ್ದರು ಎಂದು ಯಾರಿಗೂ ತಿಳಿಯುವುದಿಲ್ಲ, ಅದಕ್ಕೆ ಒಪ್ಪಿಗೆ ಕೊಟ್ಟವಳು ನಾನಾಗಿರುತ್ತೇನೆ. ಸಬಿಹಾ ನೇಮ ಬಲ್ಲವಳು, ಚಪ್ಪಾಳೆ ನಿಲ್ಲಿಸಲಿಲ್ಲ. ಇಪ್ಪತ್ತಾಯಿತು, ಮೂವತ್ತಾಯಿತು. ಅವಳ ಅಂಗೈ ಕೆಂಪಾಗಿರಬೇಕು. ಅರವತ್ತೆರಡಕ್ಕೆ ನಾನು ಬಲಗಾಲನ್ನು ಎತ್ತಿ ಮುಂದಕ್ಕಲ್ಲ, ಪಕ್ಕಕ್ಕೆ ಇಟ್ಟೆ. ಗೀಟಿನ ಹೊರಗೆ.

“ಆಗಂಗಿಲ್ಲವಾ. ಬರಕೋ” ಎಂದೆ.

ಅವಳು ಬರೆದುಕೊಂಡಳು. ಹಾಸು ತೆಗೆಯುವ ಕಾಗದ, ಜಾಗ ಬಿಡುವ ಕಾಗದ, ಎರಡಕ್ಕೂ ಸಹಿ ಮಾಡಿದೆ. ಮೌನೇಶ ಬೆನ್ನು ತಿರುಗಿಸಿ ನಿಂತಿದ್ದ. ನಾನು ಒಂದು ಪೊರಕೆ ತಂದು ಆ ಮೂರು ಚೌಕಗಳನ್ನು ಗುಡಿಸಿ ಹಾಕಿದೆ. ಡಬ್ಬಿಯಿಂದ ಸುಣ್ಣ ತೆಗೆದು ಹೊಂಡದ ಅಂಚನ್ನು ಅದು ಇದ್ದಲ್ಲಿಯೇ ಗೀಚಿದೆ. ಯಾರನ್ನೂ ಕರೆಯಲಿಲ್ಲ. ಬಾಳವ್ವ ಆಯಿ ತಾನೇ ಎದ್ದು ಕೋಲೂರಿಕೊಂಡು ಬಂದಳು. ಎಂಬತ್ತು ವರ್ಷದವಳು ಹಾರುವುದೆಲ್ಲಿಂದ ಬಂತು, ಮನೆಯಿಂದ ಮನೆಗೆ ನಡೆದಳು. ನಾನು ಚಪ್ಪಾಳೆ ಹೊಡೆದೆ. ಕೊನೆಯ ಅಂಚಿಗೆ ಬಂದಾಗ ಅವಳಿಗೆ ದಮ್ಮು ಹತ್ತಿತು, ಕೋಲಿನ ಮೇಲೆ ಗದ್ದ ಊರಿ ನಿಂತಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆಮೇಲೆ ಹೊಂಡವನ್ನು ಕೋಲಿನ ಸಮೇತ ದಾಟಿದಳು.

“ಅಂದಾನಿಗೆ ನಾಕು, ನನಗ ಆರು. ಬರಕೋ ತಂಗಿ” ಎಂದಳು.

“ನೆಲದ ಮ್ಯಾಲಿಂದಕ್ಕ ನಮ್ಮ ಫಾರ್ಮಿನ್ಯಾಗ ಕಾಲಂ ಇಲ್ರಿ ಆಯಿ” ಎಂದಳು ಸಬಿಹಾ. ಹಾಗೆಂದು ಛತ್ರಿ ಎತ್ತಿಕೊಂಡವಳು ತಕ್ಷಣ ಹೋಗಲಿಲ್ಲ. ಹತ್ತಾರು ಜನ ಸಾಲು ಹಿಡಿದು ಹಾರುವುದನ್ನು ನೋಡುತ್ತಾ ಹತ್ತೂಮುಕ್ಕಾಲರವರೆಗೆ ನಿಂತಿದ್ದಳು. ಕೊನೆಗೆ ಹಾರಿದವನು ಮೌನೇಶ. ಎಷ್ಟು ಹೊತ್ತು ನಿಲ್ಲಬೇಕೆಂದು ಅವನಿಗೆ ಗೊತ್ತಿತ್ತು.

ಹಾಸು ಕಟ್ಟುವವರೇ, ನಿಮಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಬಿದ್ದವರನ್ನು ಎಣಿಸುವ ಯಂತ್ರಗಳು ಮೊದಲು ಬಂದದ್ದು ನಿಮ್ಮ ಕಾಲದಲ್ಲಿಯೇ ಎಂದು ಓದಿದ್ದೇನೆ. ಯಾರು ಎಲ್ಲಿ ಬಿದ್ದರು, ಎಲ್ಲಿ ಬೇಸತ್ತು ಕೆಳಗಿಟ್ಟರು ಎಂಬ ಲೆಕ್ಕ ನಿಮ್ಮ ಮೇಜಿನ ಮೇಲೆಯೂ ಬರುತ್ತಿರಬಹುದು. ಹೊಂಡ ತುಂಬಿಸಿ ಎಂದು ನಿಮಗೂ ಯಾರೋ ಹೇಳುತ್ತಿರಬಹುದು, ಅದೂ ಒಳ್ಳೆಯ ಮಾತಿನಲ್ಲಿ. ಹೆಬ್ಬೆರಳಿನ ಅಡಿಯ ಮುಳ್ಳನ್ನು ತೆಗೆಯಿರಿ, ಅದು ಮೋಸ. ಆದರೆ ನಿಮ್ಮ ಕೈಯೋ ಕಾಲೋ ಉಸಿರೋ ತಪ್ಪಿ ಬಿದ್ದ ಜಾಗ ಒಂದಿದ್ದರೆ, ಅದನ್ನು ತುಂಬಿಸಲು ಒಪ್ಪಬೇಡಿ. ಹಾಸು ಹೋದರೆ ಹೋಗಲಿ. ಅರ್ಧ ಇರಲಿ ಎಂದು ಯಾರಾದರೂ ಹೇಳಿದರೆ, ಆ ಅರ್ಧದಲ್ಲಿ ನೀವಿಲ್ಲ ಎಂದು ನಾನು ಹೇಳುತ್ತಿದ್ದೇನೆ. ನಾನು ಅಲ್ಲಿ ನಿಂತು ನೋಡಿ ಬಂದವಳು.

ಎರಡನೆಯದು ಬೇಡಿಕೆ. ನಮ್ಮವರು ನಿಮ್ಮ ಕಡೆ ಬಂದಿದ್ದಾರೆ. ಎತ್ತರ ಕಡಿಮೆ, ಎಡಗಿವಿಯ ಹಿಂದೆ ಗಾಯದ ಗುರುತಿದೆ, ಮಾತಾಡುವ ಮೊದಲು ಒಂದು ಸಲ ಕೆಮ್ಮುತ್ತಾರೆ. ಉಪ್ಪು ಕಡಿಮೆ ಹಾಕಿ. ಕೆಲಸ ಕೊಡಿ, ಸುಮ್ಮನೆ ಕೂರುವವರಲ್ಲ. ಅವರು ನಡುವೆ ನಿಂತುಬಿಟ್ಟರೆ ಅವಸರ ಮಾಡಬೇಡಿ.

ನಾಳೆ ಮಾರ್ಚ್ ಒಂದು. ಹನ್ನೊಂದು ಗಂಟೆಗೆ ನಲವತ್ತೊಂದನೆಯ ಹಾಸು ಪಾಟಿಗಳಿಂದ ಹೋಗುತ್ತದೆ. ನನ್ನ ಹೆಸರನ್ನು ಮಂಜುಬಲೆಯ ಪಾಳಿಗೆ ಬರೆದಿದ್ದಾರೆ. ಗುಡ್ಡ ಹತ್ತುವ ಗಾಡಿ ಬೆಳಿಗ್ಗೆ ನಾಲ್ಕೂವರೆಗೆ ಹೊರಡುತ್ತದೆ.

ಫಕೀರವ್ವ